ವರ್ಲಿ ಕಡಲಡಿಯ ಕೊಳವೆ: ಒಮ್ಮೆ ಕೊರೆದ ಮೇಲೆ ತಿದ್ದಲಾಗದ ಕೆಲಸ

ಮುಂಬಯಿಯಲ್ಲಿ ಏಳು ಕಡೆ ಒಟ್ಟಿಗೇ ಕೊಳಚೆ ನೀರು ಶುದ್ಧೀಕರಣ ಘಟಕಗಳು ಏಳುತ್ತಿವೆ. ವರ್ಲಿಯದ್ದು ಎಲ್ಲಕ್ಕಿಂತ ದೊಡ್ಡದು, ದಿನಕ್ಕೆ 50 ಕೋಟಿ ಲೀಟರ್. ಮಲಾಡ್, ಧಾರಾವಿ, ಬಾಂದ್ರಾ, ಘಾಟ್ಕೋಪರ್, ಭಾಂಡುಪ್, ವರ್ಸೋವಾ ಉಳಿದವು. ಎಲ್ಲ ಸೇರಿ ದಿನಕ್ಕೆ 246.4 ಕೋಟಿ ಲೀಟರ್. 2023ರ ಜನವರಿ 19ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದಾಗ ಹೇಳಿದ ಖರ್ಚು ಸುಮಾರು 17,200 ಕೋಟಿ ರೂಪಾಯಿ. 2026ರಿಂದ 2028ರ ಒಳಗೆ ಹಂತ ಹಂತವಾಗಿ ಮುಗಿಸುವ ಗುರಿ ಇದೆ.

ಈ ಸುದ್ದಿ ಬಂದಾಗಿನಿಂದ ಮಾಟುಂಗಾ, ಸಯಾನ್ ಕಡೆಯ ನಮ್ಮ ಕನ್ನಡಿಗರ ನಡುವೆ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. ನೀರು ಇಲ್ಲೇ ಶುದ್ಧ ಆಗುತ್ತದೆ ಅಂದಮೇಲೆ ಕೊಳಚೆಯನ್ನು ಕಡಲೊಳಗೆ ಒಯ್ದು ಬಿಡುವ, ವರ್ಲಿಯಲ್ಲಿ ಈಗಾಗಲೇ ಇರುವ ಮೂರೂವರೆ ಕಿಲೋಮೀಟರ್ ಸುರಂಗ ಯಾಕೆ? ಇನ್ನು ಕೆಲವರದ್ದು ಇದಕ್ಕೆ ತದ್ವಿರುದ್ಧ. ಸುರಂಗ ಇದೆಯಲ್ಲ, ಅಷ್ಟು ದೂರ ಬಿಟ್ಟರೆ ಸಮುದ್ರವೇ ಎಲ್ಲ ತೊಳೆದುಕೊಳ್ಳುತ್ತದೆ, ಇಷ್ಟು ಕೋಟಿ ಸುರಿದು ಘಟಕ ಯಾಕೆ ಅಂತ. ನನ್ನ ಪ್ರಕಾರ ಎರಡೂ ತಪ್ಪು. ಘಟಕವನ್ನು ನಾಳೆ ದೊಡ್ಡದು ಮಾಡಬಹುದು, ಹಳೆಯ ಯಂತ್ರ ತೆಗೆದು ಹೊಸದು ಹಾಕಬಹುದು. ಕಡಲಡಿಯಲ್ಲಿ ಕೊರೆದ ಕೊಳವೆಯನ್ನು ಹಾಗೆ ಮಾಡಲಾಗದು. ಅದು ಎಲ್ಲಿ, ಎಷ್ಟು ಅಗಲ, ಎಷ್ಟು ಆಳ ಅನ್ನುವುದು ಒಂದೇ ಸಲ ತೀರ್ಮಾನವಾಗಿ ಹಲವು ತಲೆಮಾರು ಉಳಿಯುತ್ತದೆ. ಆದ್ದರಿಂದ ಅದನ್ನು ಹೇಗೆ ಕೊರೆಯುತ್ತಾರೆ ಅನ್ನುವುದು ಎಂಜಿನಿಯರುಗಳಿಗೆ ಮಾತ್ರ ಬಿಟ್ಟ ವಿಷಯ ಅಲ್ಲ.

ಮೊದಲು ಈಗಿನ ಸ್ಥಿತಿ. ಪಾಲಿಕೆ ಮುಂಬಯಿಯ ಒಳಚರಂಡಿಯನ್ನು ಏಳು ವಲಯಗಳಾಗಿ ಹಂಚಿಕೊಂಡಿದೆ. ವರ್ಲಿ ಮತ್ತು ಬಾಂದ್ರಾ ವಲಯಗಳ ಕೊಳಚೆ ಕಡಲಡಿಯ ಸುರಂಗದ ಮೂಲಕ ಹೊರಗೆ ಹೋಗುತ್ತದೆ. ವರ್ಲಿಯ ಸುರಂಗ ಸುಮಾರು 3.4 ಕಿಲೋಮೀಟರ್, ಬಾಂದ್ರಾದ್ದು ಸುಮಾರು 3.7 ಕಿಲೋಮೀಟರ್. ಒಳಗಿನ ವ್ಯಾಸ ಮೂರೂವರೆ ಮೀಟರ್. 1995ರಲ್ಲಿ ವಿಶ್ವಬ್ಯಾಂಕ್ ಮಂಜೂರು ಮಾಡಿದ ಸಾಲದ ಯೋಜನೆಯಲ್ಲಿ ಇವು ಆದವು. ಅದಕ್ಕೂ ಮೊದಲು ವರ್ಲಿಯ ಕೊಳಚೆ ದಡದ ಪಕ್ಕದಲ್ಲೇ ಸಮುದ್ರ ಸೇರುತ್ತಿತ್ತು. ವರ್ಲಿ ಸೀ ಫೇಸಿನಲ್ಲಿ ಸಂಜೆ ನಡೆಯುವ ಹಳಬರಿಗೆ ಇಳಿತದ ಹೊತ್ತಿನ ಆ ವಾಸನೆ ಇನ್ನೂ ನೆನಪಿರಬಹುದು. ಸುರಂಗ ಬಂದಮೇಲೆ ವ್ಯತ್ಯಾಸ ಆಯಿತು, ಅದು ನಿಜ. ಆದರೆ ಇಷ್ಟು ವರ್ಷ ಈ ಎರಡೂ ಕಡೆ ನಡೆದದ್ದು ಪ್ರಾಥಮಿಕ ಕೆಲಸ ಮಾತ್ರ. ಜಾಲರಿಯಲ್ಲಿ ಪ್ಲಾಸ್ಟಿಕ್, ಬಟ್ಟೆ, ಕಸ ತಡೆಯುವುದು, ಮರಳನ್ನು ತಳಕ್ಕೆ ಇಳಿಸುವುದು, ಉಳಿದದ್ದನ್ನು ಸುರಂಗಕ್ಕೆ ತಳ್ಳುವುದು.

ಹೀಗೆ ತಳ್ಳಿದ್ದು ಸಮುದ್ರದಲ್ಲಿ ಏನಾಗುತ್ತದೆ? ಕೊಳಚೆ ನೀರು ಬಹುಮಟ್ಟಿಗೆ ಸಿಹಿನೀರು. ಒಂದು ಘನ ಮೀಟರ್ ಸಿಹಿನೀರು ಸುಮಾರು 1,000 ಕಿಲೋ ತೂಗಿದರೆ ಉಪ್ಪುನೀರು 1,025 ಕಿಲೋ ತೂಗುತ್ತದೆ. ಹಗುರ ಇರುವ ಕಾರಣ ತಳದಲ್ಲಿ ಬಿಟ್ಟ ಕೊಳಚೆ ಮೇಲಕ್ಕೆ ಏಳುತ್ತದೆ. ಏಳುವಾಗ ಸುತ್ತಲಿನ ನೀರನ್ನು ತನ್ನೊಳಗೆ ಎಳೆದುಕೊಂಡು ತೆಳುವಾಗುತ್ತದೆ. ಎಷ್ಟು ಆಳದಿಂದ ಏಳುತ್ತದೋ ಅಷ್ಟು ಹೆಚ್ಚು ಬೆರೆಯುತ್ತದೆ. ಒಂದೇ ದೊಡ್ಡ ಬಾಯಿಂದ ಬಿಡುವ ಬದಲು ಹಲವು ಸಣ್ಣ ಬಾಯಿಗಳಿಂದ ಹರಡಿ ಬಿಟ್ಟರೆ ಇನ್ನೂ ಚೆನ್ನಾಗಿ ಬೆರೆಯುತ್ತದೆ. ಅದಕ್ಕಾಗಿಯೇ ಸುರಂಗದ ಕೊನೆಯ ಭಾಗದಿಂದ ಮೇಲಕ್ಕೆ ನೆಟ್ಟಗೆ ಕೊಳವೆಗಳು ಎದ್ದು ಸಮುದ್ರತಳದಲ್ಲಿ ಬಾಯಿ ತೆರೆಯುತ್ತವೆ. ಇವಕ್ಕೆ ರೈಸರ್ ಅನ್ನುತ್ತಾರೆ. ನೂರಾರು ಕೋಟಿ ಖರ್ಚಿನ ಸುರಂಗ ಕೊನೆಗೆ ಕೆಲಸ ಮಾಡುವುದು ಈ ನೆಟ್ಟನೆಯ ಕೊಳವೆಗಳ ಮೂಲಕ.

ಇಲ್ಲಿ ಮುಂಬಯಿಗೆ ಒಂದು ಕೊರತೆ ಇದೆ. ಸಿಡ್ನಿಯಲ್ಲಿ ದಡದಿಂದ ಎರಡರಿಂದ ನಾಲ್ಕು ಕಿಲೋಮೀಟರ್ ಹೋದರೆ 60ರಿಂದ 80 ಮೀಟರ್ ಆಳ ಸಿಗುತ್ತದೆ. ಅಲ್ಲಿನ ಮೂರು ದೊಡ್ಡ ಔಟ್‌ಫಾಲ್‌ಗಳು (ಕೊಳಚೆಯನ್ನು ಕಡಲೊಳಗೆ ದೂರ ಒಯ್ದು ಬಿಡುವ ಸುರಂಗಗಳು) 1990–91ರಲ್ಲಿ ಶುರುವಾದವು, ಬೀಚುಗಳು ಬೇಗ ಚೇತರಿಸಿಕೊಂಡವು. ನಮ್ಮ ಪಶ್ಚಿಮ ಕರಾವಳಿಯ ತಳ ಹಾಗಲ್ಲ. ಮುಂಬಯಿಯಿಂದ ಅಷ್ಟೇ ದೂರ ಹೋದರೂ ಆಳ ಸಿಡ್ನಿಯ ಹತ್ತಿರಕ್ಕೂ ಬರುವುದಿಲ್ಲ. ನೀರು ಕೆಸರುಮಯ, ಬಿಸಿಲು ಒಳಗೆ ಇಳಿಯುವುದು ಕಡಿಮೆ. ಕೊಳಚೆಯ ಬ್ಯಾಕ್ಟೀರಿಯಾವನ್ನು ಸಮುದ್ರದಲ್ಲಿ ಕೊಲ್ಲುವುದು ಮುಖ್ಯವಾಗಿ ಬಿಸಿಲು ಮತ್ತು ಉಪ್ಪು. ಬಿಸಿಲು ಇಳಿಯದ ಕಡೆ, ರಾತ್ರಿ ಹೊತ್ತಿನಲ್ಲಿ, ಅವು ಜಾಸ್ತಿ ಹೊತ್ತು ಬದುಕುತ್ತವೆ. ದೊಡ್ಡ ಉಬ್ಬರದ ದಿನ ಮುಂಬಯಿಯ ಸಮುದ್ರ ಐದು ಮೀಟರ್ ಹತ್ತಿರ ಏರಿಳಿಯುತ್ತದೆ. ಆ ಏರಿಳಿತದ ಜೊತೆ ನೀರು ಹೊರಗೆ ಹೋದಷ್ಟೇ ಒಳಗೂ ಬರುತ್ತದೆ, ಮಾಹಿಮ್ ಕೊಲ್ಲಿಯ ಒಳಕ್ಕೂ. ಹಾಗಾಗಿ "ಸಮುದ್ರ ದೊಡ್ಡದು, ಎಲ್ಲ ಕರಗಿಹೋಗುತ್ತದೆ" ಅನ್ನುವ ಸಮಾಧಾನ ಇಲ್ಲಿ ಸಿಡ್ನಿಯಲ್ಲಿ ಸಿಕ್ಕಷ್ಟು ಸುಲಭವಾಗಿ ಸಿಗದು. ಸಿಡ್ನಿಗೂ ಅದು ಪೂರ್ತಿ ಸಿಕ್ಕಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೂಗೀ ಬೀಚಿಗೆ ಕಪ್ಪು ಉಂಡೆಗಳು ತೇಲಿ ಬಂದವು. ಪರೀಕ್ಷೆ ಮಾಡಿದವರಿಗೆ ಸಿಕ್ಕಿದ್ದು ಕೊಬ್ಬು, ಎಣ್ಣೆ, ಮನುಷ್ಯರ ತ್ಯಾಜ್ಯದ ಗುರುತುಗಳು.

ಈಗ ಕೊರೆಯುವ ಕೆಲಸಕ್ಕೆ ಬರೋಣ.

ಊರಲ್ಲಿ ಬೋರ್‌ವೆಲ್ ಕೊರೆಯುವುದನ್ನು ನೋಡದ ಕನ್ನಡಿಗರು ಕಡಿಮೆ. ಲಾರಿ ಬರುತ್ತದೆ, ಕಂಪ್ರೆಸರ್ ಅಬ್ಬರಿಸುತ್ತದೆ, ಮಣ್ಣು ಕುಸಿಯದ ಹಾಗೆ ಮೇಲ್ಭಾಗಕ್ಕೆ ಕೇಸಿಂಗ್ ಇಳಿಸುತ್ತಾರೆ. ರಾಡಿನ ಒಳಗಿಂದ ಗಾಳಿ ಕೆಳಗೆ ಹೋಗುತ್ತದೆ, ರಾಡಿನ ಹೊರಗಿನ ಸಂದಿಯಿಂದ ಕಲ್ಲಿನ ಪುಡಿ ಮೇಲೆ ಹಾರುತ್ತದೆ. ಆರೂವರೆ ಇಂಚಿನ ತೂತಿಗೆ ಇದು ಸರಿ. ಸಮುದ್ರದಲ್ಲಿ ಕೊರೆಯಬೇಕಾದದ್ದು ಎರಡು ಮೀಟರ್, ಮೂರು ಮೀಟರ್ ಅಗಲದ ಶಾಫ್ಟ್, ಅಂದರೆ ರೈಸರ್ ಕೂರಿಸುವ ನೆಟ್ಟನೆಯ ಬಾವಿಯಂಥ ತೂತು. ಅಲ್ಲಿ ಇದೇ ವಿಧಾನ ನಡೆಯುವುದಿಲ್ಲ. ಲೆಕ್ಕ ಹಾಕಿ ನೋಡಿ: ಎರಡು ಮೀಟರ್ ಅಗಲದ ತೂತಿನ ವಿಸ್ತೀರ್ಣ 30 ಸೆಂಟಿಮೀಟರ್ ಪೈಪಿನ ಒಳ ವಿಸ್ತೀರ್ಣದ 44 ಪಟ್ಟು. ಅಷ್ಟು ಅಗಲದಲ್ಲಿ ನೀರನ್ನು ಮೇಲಕ್ಕೆ ಹರಿಸಿದರೆ ವೇಗ ಏನೂ ಇರುವುದಿಲ್ಲ, ಕಲ್ಲಿನ ಚೂರು ಮೇಲೆ ಬರುವ ಬದಲು ತಳದಲ್ಲೇ ಕೂರುತ್ತದೆ. ಆಮೇಲೆ ಕೊರೆಯುವ ಹಲ್ಲುಗಳು ಬಂಡೆಯನ್ನು ಬಿಟ್ಟು ಅದೇ ಚೂರುಗಳನ್ನು ಅರೆಯುತ್ತಾ ಕೂರುತ್ತವೆ.

ಅದಕ್ಕೆ ಹರಿವನ್ನು ತಿರುಗಿಸುತ್ತಾರೆ. ತೂತಿನ ತುಂಬ ಸಮುದ್ರದ ನೀರು ಇರುತ್ತದೆ. ಕೊರೆಯುವ ಪೈಪಿನ ಒಳಗೆ, ಕೆಳಭಾಗದ ಹತ್ತಿರ, ಒತ್ತಡದ ಗಾಳಿ ಬಿಡುತ್ತಾರೆ. ಗುಳ್ಳೆ ಬೆರೆತ ನೀರು ಹಗುರ ಆಗಿ ಪೈಪಿನೊಳಗೆ ರಭಸದಿಂದ ಮೇಲೇರುತ್ತದೆ. ಆ ಸೆಳೆತಕ್ಕೆ ತಳದ ಚೂರುಗಳೆಲ್ಲ ಪೈಪಿನ ಬಾಯಿಗೆ ನುಗ್ಗುತ್ತವೆ. ಖಾಲಿಯಾದ ಜಾಗ ತುಂಬಲು ಹೊರಗಿನ ನೀರು ನಿಧಾನವಾಗಿ ಕೆಳಗಿಳಿಯುತ್ತದೆ. ಮೇಲೆ ಪ್ಲಾಟ್‌ಫಾರಮ್ಮಿನಲ್ಲಿ ಆ ಬೂದು ರಾಡಿ ಕಲ್ಲಿನ ಚೂರುಗಳ ಜೊತೆ ಹೊರಗೆ ಬೀಳುತ್ತದೆ. ಅದನ್ನು ಜರಡಿ ಹಿಡಿದು ನೋಡುವ ಭೂಗರ್ಭತಜ್ಞನಿಗೆ ಹಲ್ಲು ಈಗ ಯಾವ ಬಂಡೆಯಲ್ಲಿದೆ ಅನ್ನುವುದು ಗೊತ್ತಾಗುತ್ತದೆ.

ಮುಂಬಯಿಯಲ್ಲಿ ಆ ಗಮನ ತುಂಬ ಬೇಕು. ನಗರ ನಿಂತಿರುವುದು ದಖ್ಖನಿನ ಕರಿಕಲ್ಲಿನ ಮೇಲೆ ಅನ್ನುವುದು ಅರ್ಧ ಸತ್ಯ. ಅಂಧೇರಿಯ ಗಿಲ್ಬರ್ಟ್ ಹಿಲ್ ನೋಡಿದರೆ ಗಟ್ಟಿ ಬಸಾಲ್ಟಿನ ಕಂಬಗಳೇ. ಆದರೆ ವರ್ಲಿಯ ಗುಡ್ಡದಲ್ಲಿ ಲಾವಾದ ಪದರಗಳ ನಡುವೆ ಹಳೆಯ ಕೆರೆಯ ಕೆಸರು ಕಲ್ಲಾಗಿ ಕೂತಿದೆ, ಅದರಲ್ಲಿ ಕಪ್ಪೆಗಳ ಪಳೆಯುಳಿಕೆಗಳೂ ಸಿಕ್ಕಿವೆ. ಅಲ್ಲಲ್ಲಿ ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಕಲ್ಲು, ಚೂರು ಕಲ್ಲುಗಳು ಅಂಟಿಕೊಂಡ ಬಂಡೆ. ಒಂದು ಪದರ ಉಕ್ಕಿನ ಹಲ್ಲನ್ನು ಸವೆಸಿ ಹಾಕುತ್ತದೆ, ಮುಂದಿನದು ನೀರು ತಾಕಿದ ಕೂಡಲೇ ಕಳಚುತ್ತದೆ. ಇವೆಲ್ಲದರ ಮೇಲೆ ಸಮುದ್ರದ ಮೆತ್ತನೆಯ ಜೇಡಿ.

ಆ ಜೇಡಿಯಿಂದಲೇ ಕೆಲಸ ಶುರು. ತೇಲುವ ಬಾರ್ಜಿನ (ಚಪ್ಪಟೆ ತಳದ ದೊಡ್ಡ ದೋಣಿ) ಮೇಲೆ ನಿಂತು ಇಷ್ಟು ಅಗಲದ ತೂತು ಕೊರೆಯುವುದು ಕಷ್ಟ, ಅಲೆಗೆ ಅದು ಅಲ್ಲಾಡುತ್ತದೆ. ಆದ್ದರಿಂದ ಹೆಚ್ಚಾಗಿ ಕಾಲುಗಳಿರುವ ಜಾಕ್-ಅಪ್ ಬಾರ್ಜ್ ತರುತ್ತಾರೆ. ಅದು ತೇಲಿಕೊಂಡು ಬಂದು ಜಾಗ ಸೇರಿದ ಮೇಲೆ ಉದ್ದನೆಯ ಉಕ್ಕಿನ ಕಾಲುಗಳನ್ನು ತಳಕ್ಕೆ ಇಳಿಸಿ, ತಾನು ಆ ಕಾಲುಗಳ ಮೇಲೆ ನೀರು ಬಿಟ್ಟು ಮೇಲೇಳುತ್ತದೆ. ಅಲೆಗಳು ಅಡಿಯಲ್ಲಿ ಹಾದುಹೋಗುತ್ತವೆ. ಕಾಲು ಜೇಡಿಯಲ್ಲಿ ಎಷ್ಟು ಇಳಿಯುತ್ತದೆ, ನಾಲ್ಕೂ ಒಂದೇ ಸಮ ಇಳಿಯುತ್ತದಾ ಅನ್ನುವುದು ಮೊದಲ ಆತಂಕ. ಒಂದು ಕಾಲು ಗಟ್ಟಿ ಅನಿಸಿದ ತೆಳು ಪದರವನ್ನು ತೂರಿಕೊಂಡು ಹಠಾತ್ತಾಗಿ ಕುಸಿದರೆ ಬಾರ್ಜೇ ವಾಲುತ್ತದೆ. ಕಾಲು ಭದ್ರವಾದ ಮೇಲೆ ಅಗಲದ ಉಕ್ಕಿನ ಕೇಸಿಂಗನ್ನು ನೀರು ಮತ್ತು ಜೇಡಿ ದಾಟಿಸಿ ಬಂಡೆಯೊಳಗೆ ಕೂರಿಸುತ್ತಾರೆ. ಕೇಸಿಂಗಿನ ಒಳಗಿನ ನೀರಿನ ಮಟ್ಟವನ್ನು ಹೊರಗಿನ ಸಮುದ್ರಕ್ಕಿಂತ ಸ್ವಲ್ಪ ಮೇಲೆ ಇಟ್ಟುಕೊಳ್ಳುತ್ತಾರೆ. ಆಗ ಒತ್ತಡ ಒಳಗಿನಿಂದ ಹೊರಕ್ಕೆ ಇರುತ್ತದೆ, ಗೋಡೆ ಒಳಕ್ಕೆ ಕುಸಿಯುವುದಿಲ್ಲ. ಐದು ಮೀಟರ್ ಏರಿಳಿಯುವ ಸಮುದ್ರದಲ್ಲಿ ಈ ಸಣ್ಣ ವ್ಯತ್ಯಾಸ ಕಾಪಾಡಲು ಹಗಲು ರಾತ್ರಿ ಒಬ್ಬರು ಅದರ ಮೇಲೇ ಕಣ್ಣಿಟ್ಟಿರಬೇಕು.

ಬಂಡೆ ಒಡೆಯಲು ತೂಕ ಬೇಕು. ಹಲ್ಲುಗಳಿರುವ ದೊಡ್ಡ ತಟ್ಟೆಯ ಮೇಲೆ ಉಂಗುರದಂಥ ಉಕ್ಕಿನ ಭಾರಗಳನ್ನು ಪೇರಿಸಿ, ಅದೇ ಭಾರದಲ್ಲಿ ಹಲ್ಲುಗಳನ್ನು ಬಂಡೆಗೆ ಒತ್ತುತ್ತಾರೆ. ಮೇಲಿನ ಪೈಪ್ ಯಾವಾಗಲೂ ಎಳೆದ ಸ್ಥಿತಿಯಲ್ಲೇ ನೇತಾಡಬೇಕು. ಮೇಲಿನಿಂದ ತಳ್ಳಿದರೆ ಪೈಪ್ ಬಾಗುತ್ತದೆ, ತೂತು ಸೊಟ್ಟ ಆಗುತ್ತದೆ. ಸೊಟ್ಟ ಅಂದರೆ ಎಷ್ಟು? 60 ಮೀಟರ್ ಆಳದಲ್ಲಿ ಒಂದೇ ಒಂದು ಡಿಗ್ರಿ ವಾಲಿದರೆ ತಳ ಸುಮಾರು ಒಂದು ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಮೂರು ಕಿಲೋಮೀಟರ್ ಆಚೆಯ ದಡದಿಂದ ಬರುವ ಸುರಂಗ ಈ ತಳವನ್ನು ಕತ್ತಲಲ್ಲಿ ಹುಡುಕಿ ಸೇರಬೇಕು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಆಳ ಮುಟ್ಟಿದ ಮೇಲೆ ಫೈಬರ್ ಅಥವಾ ಉಕ್ಕಿನ ಕೊಳವೆ ಇಳಿಸಿ, ಅದರ ಮತ್ತು ಬಂಡೆಯ ನಡುವಿನ ಸಂದಿಗೆ ಗ್ರೌಟ್, ಅಂದರೆ ತೆಳುವಾಗಿ ಕಲಸಿದ ಸಿಮೆಂಟ್ ತುಂಬುತ್ತಾರೆ. ಮೇಲಿನ ಬಾಯಿಗೆ ಭದ್ರವಾದ ಮುಚ್ಚಳ. ಸುರಂಗ ಸಾಮಾನ್ಯವಾಗಿ ಶಾಫ್ಟಿನ ನೇರ ಕೆಳಗೆ ಬರದೆ ಪಕ್ಕದಲ್ಲಿ ಹಾದುಹೋಗುತ್ತದೆ. ಆಮೇಲೆ ಸುರಂಗದ ಒಳಗಿಂದ ಕಾರ್ಮಿಕರು ಪಕ್ಕಕ್ಕೆ ಸಣ್ಣ ದಾರಿ ಕೊರೆದು ಶಾಫ್ಟಿನ ತಳ ಸೇರುತ್ತಾರೆ. ಆ ಹೊತ್ತಿನಲ್ಲಿ ಅವರ ತಲೆಯ ಮೇಲೆ ಸಮುದ್ರ, ನಡುವೆ ಒಂದು ಮುಚ್ಚಳ. ಟ್ರಾಲರಿನ ಬಲೆಯೋ ಲಂಗರೋ ಮೇಲಿನ ಮುಚ್ಚಳಕ್ಕೆ ತಗುಲಿ ಅದು ಕಿತ್ತುಬಂದರೆ ಒಳಗಿರುವವರಿಗೆ ಓಡಲು ಮೂರು ಕಿಲೋಮೀಟರ್ ಸುರಂಗ ಒಂದೇ ದಾರಿ.

ಬೋಸ್ಟನ್ನಿನಲ್ಲಿ ಇದೇ ಭಯಕ್ಕೆ ಎಚ್ಚರಿಕೆ ತೆಗೆದುಕೊಂಡಿದ್ದರು. ಅಲ್ಲಿನ ಡಿಯರ್ ಐಲ್ಯಾಂಡ್ ಔಟ್‌ಫಾಲ್ ಸುಮಾರು 15 ಕಿಲೋಮೀಟರ್ ಉದ್ದ, ಏಳು ಮೀಟರಿಗಿಂತ ಹೆಚ್ಚು ಅಗಲ. ಕೊನೆಯಲ್ಲಿ 55 ರೈಸರ್‌ಗಳು. ಸುರಂಗದಲ್ಲಿ ಕೆಲಸ ಮಾಡುವವರ ಜೀವ ಕಾಪಾಡಲು ಪ್ರತಿ ರೈಸರಿನ ಕೆಳಭಾಗದಲ್ಲಿ ಬಿರಡೆ ಹಾಕಿದ್ದರು. ಒಳ್ಳೆಯ ಯೋಚನೆಯೇ. ಆದರೆ ಬಿರಡೆ ತೆಗೆಯುವ ಹೊತ್ತಿಗೆ ಸುರಂಗದ ಗಾಳಿ, ದೀಪ, ಸಾಗಣೆಯ ವ್ಯವಸ್ಥೆ ಎಲ್ಲ ಬಿಚ್ಚಿ ತೆಗೆದಾಗಿತ್ತು. 1999ರ ಜುಲೈನಲ್ಲಿ ಐವರು ಮುಳುಗುಗಾರರು ತಮ್ಮದೇ ಉಸಿರಾಟದ ಯಂತ್ರ ಹೊತ್ತುಕೊಂಡು ಒಳಗೆ ಹೋದರು. ಆ ಯಂತ್ರ ಕೈಕೊಟ್ಟಿತು, ಇಬ್ಬರು ಸತ್ತರು. ಔಟ್‌ಫಾಲ್ 2000ದ ಸೆಪ್ಟೆಂಬರ್‌ನಲ್ಲಿ ಶುರುವಾಯಿತು, ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ. ಆ ಇಬ್ಬರ ಸಾವು ತಪ್ಪಿಸಬಹುದಾಗಿತ್ತು ಅನ್ನುವುದೇ ಇಲ್ಲಿ ಹೊಟ್ಟೆ ಉರಿಸುವ ವಿಷಯ. ಬಿರಡೆ ಹಾಕುವ ದಿನವೇ ಅದನ್ನು ಯಾರು, ಯಾವಾಗ, ಯಾವ ಗಾಳಿಯಲ್ಲಿ ತೆಗೆಯುತ್ತಾರೆ ಅನ್ನುವುದು ಕಾಗದದ ಮೇಲೆ ತೀರ್ಮಾನವಾಗಿರಬೇಕಿತ್ತು. ನಮ್ಮ ನಗರಗಳಲ್ಲಿ ಮ್ಯಾನ್‌ಹೋಲಿಗೆ ಇಳಿದು ಉಸಿರುಕಟ್ಟಿ ಸಾಯುವವರ ಸುದ್ದಿ ಇನ್ನೂ ನಿಂತಿಲ್ಲ. ಅಂಥ ಕಡೆ ಈ ಪ್ರಶ್ನೆಯನ್ನು ಗುತ್ತಿಗೆಯ ಮೊದಲ ಪುಟದಲ್ಲೇ ಕೇಳಬೇಕು.

ಹಲವು ಸಣ್ಣ ರೈಸರ್‌ಗಳ ಬದಲು ಒಂದೇ ದೊಡ್ಡ ಶಾಫ್ಟ್ ಕೊರೆಯುವ ದಾರಿಯೂ ಇದೆ. ಅಮೆರಿಕದ ಸ್ಯಾನ್ ಡಿಯಾಗೊದ ದಕ್ಷಿಣಕ್ಕೆ ಮೆಕ್ಸಿಕೊದ ಗಡಿಯಲ್ಲಿ ಹಾಗೇ ಮಾಡಿದ್ದಾರೆ. ಸುರಂಗ ಕಡಲಡಿಯಲ್ಲಿ ಹೋಗಿ ಒಂದು ಶಾಫ್ಟಿನಿಂದ ಮೇಲೆ ಬರುತ್ತದೆ, ಅಲ್ಲಿಂದ ಪೈಪುಗಳು ಸಮುದ್ರತಳದ ಮೇಲೆ ಕವಲೊಡೆದು ಹರಡುತ್ತವೆ. ದಡದಿಂದ ಐದೂವರೆ ಕಿಲೋಮೀಟರಿಗೂ ಸ್ವಲ್ಪ ಆಚೆ, ಮೂವತ್ತು ಮೀಟರಿನ ಹತ್ತಿರದ ಆಳದಲ್ಲಿ. ಒಂದೇ ಕಡೆ ಕೊರೆಯುವುದರಿಂದ ಸಮುದ್ರದಲ್ಲಿ ನಿಲ್ಲುವ ಅವಧಿ ಕಡಿಮೆ, ಸುರಂಗಕ್ಕೆ ಜೋಡಿಸುವ ಅಪಾಯದ ಕೆಲಸವೂ ಒಂದೇ ಸಲ. ಆದರೆ ಆ ಒಂದು ಶಾಫ್ಟ್ ಕೆಟ್ಟರೆ ಇಡೀ ಔಟ್‌ಫಾಲ್ ಕೆಟ್ಟಂತೆ. ಜೊತೆಗೆ ಸಮುದ್ರತಳದ ಮೇಲೆ ಬಿದ್ದಿರುವ ಪೈಪುಗಳನ್ನು ಬಲೆ ಮತ್ತು ಲಂಗರಿನಿಂದ ಕಾಪಾಡಬೇಕು.

ಆ ಜಾಗದ್ದು ಇನ್ನೊಂದು ಪಾಠವೂ ಇದೆ, ಮುಂಬಯಿಗೆ ನೇರವಾಗಿ ತಾಗುವಂಥದ್ದು. ಔಟ್‌ಫಾಲ್ ಅಷ್ಟು ದೂರ, ಅಷ್ಟು ಆಳ ಇದ್ದರೂ ಅಲ್ಲಿನ ಇಂಪೀರಿಯಲ್ ಬೀಚ್ ವರ್ಷಗಟ್ಟಲೆ ಬಂದ್ ಇತ್ತು. ಕಾರಣ ಔಟ್‌ಫಾಲ್ ಅಲ್ಲ. ಗಡಿಯಾಚೆ ಮೆಕ್ಸಿಕೊದ ಟಿಹ್ವಾನಾ ನಗರದ ಕೊಳಚೆಯಲ್ಲಿ ಘಟಕಕ್ಕೆ ಬರದೆ ಟಿಹ್ವಾನಾ ನದಿಗೇ ಸೇರುವ ಪಾಲು. ಅದು ನದಿಯ ಜೊತೆ ಹರಿದು ದಡದಲ್ಲೇ ಸಮುದ್ರಕ್ಕೆ ಬೀಳುತ್ತದೆ. ಮಿಠಿ ನದಿಯ ಕಥೆಯೂ ಇದೇ ಅಲ್ವಾ? ವಿಹಾರ್, ಪವಾಯಿ ಕೆರೆಗಳ ಕಡೆಯಿಂದ ಹೊರಟು ಮಾಹಿಮ್ ಕೊಲ್ಲಿ ಸೇರುವ ಹೊತ್ತಿಗೆ ಅದು ನದಿಯಾಗಿ ಉಳಿದಿರುವುದಿಲ್ಲ. 2011ರ ಜನಗಣತಿಯ ಪ್ರಕಾರ ಮುಂಬಯಿಯ ಹತ್ತರಲ್ಲಿ ನಾಲ್ವರು ಕೊಳೆಗೇರಿಯಲ್ಲಿದ್ದಾರೆ. ಅಲ್ಲಿನ ಬಹಳಷ್ಟು ಶೌಚಾಲಯಗಳ ನೀರು ಒಳಚರಂಡಿಗೆ ಸೇರದೆ ಮಳೆನೀರಿನ ನಾಲಾಕ್ಕೆ ಸೇರುತ್ತದೆ. ನಾಲಾ ಸಮುದ್ರಕ್ಕೆ. ಧಾರಾವಿಯಲ್ಲಿ ನಮ್ಮ ಉತ್ತರ ಕರ್ನಾಟಕದ ಕುಟುಂಬಗಳೂ ಎಷ್ಟೋ ಇವೆ. ಮೂರೂವರೆ ಕಿಲೋಮೀಟರ್ ಆಚೆ ಎಷ್ಟೇ ಒಳ್ಳೆಯ ರೈಸರ್ ಇರಲಿ, ಗಲ್ಲಿಯ ನಾಲಾಕ್ಕೆ ಬಿದ್ದ ನೀರು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಸುರಂಗಕ್ಕೆ ಕೊಡುವ ಗಮನದ ಸ್ವಲ್ಪ ಭಾಗ ಮನೆಯ ಬಾಗಿಲಿನಿಂದ ಮುಖ್ಯ ಚರಂಡಿಯವರೆಗಿನ ಸಣ್ಣ ಪೈಪಿಗೆ ಸಿಕ್ಕಿದರೂ ಜುಹು, ದಾದರಿನ ದಡದಲ್ಲಿ ಫಲ ಬೇಗ ಕಾಣುತ್ತದೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಹೊಸ ಘಟಕ ಬಂದಮೇಲೆ ಹಳೆಯ ಸುರಂಗಕ್ಕೆ ಏನು ಕೆಲಸ? ಇದೆ. ಶುದ್ಧ ಮಾಡಿದ ನೀರಿನಲ್ಲೂ ಸಾರಜನಕ, ರಂಜಕ ಸ್ವಲ್ಪವಾದರೂ ಉಳಿಯುತ್ತವೆ, ಕೋಟಿಗಟ್ಟಲೆ ಲೀಟರ್ ಸಿಹಿನೀರನ್ನು ದಿನವೂ ಕೊಲ್ಲಿಯ ಬಾಯಲ್ಲಿ ಬಿಟ್ಟರೆ ಅಲ್ಲಿನ ಉಪ್ಪಿನ ಅಂಶವೇ ಬದಲಾಗುತ್ತದೆ. ಘಟಕ ಕೆಟ್ಟು ನಿಂತ ದಿನ, ಜೋರು ಮಳೆಯ ದಿನ, ಎಲ್ಲವೂ ಸುರಂಗದ ಪಾಲಿಗೇ ಬರುತ್ತದೆ. ಹಿಂದಿನ ಸಾಮಾನ್ಯ ನಿಯಮದಲ್ಲಿ ಸಮುದ್ರಕ್ಕೆ ಬಿಡುವ ನೀರಿಗೆ ಲೀಟರಿಗೆ 100 ಮಿಲಿಗ್ರಾಂ ಬಿಓಡಿ (ನೀರಿನಲ್ಲಿರುವ ಕೊಳೆ ಕರಗಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ತನಕ ಅವಕಾಶ ಇತ್ತು. 2019ರಲ್ಲಿ ಹಸಿರು ನ್ಯಾಯಮಂಡಳಿ 10ರ ಮಿತಿ ಹೇಳಿತು. ಅಂತರ ದೊಡ್ಡದು. ಒಳ್ಳೆಯದೇ.

ಆದರೆ ಇಲ್ಲೊಂದು ಹೊಸ ತೊಡಕು ಹುಟ್ಟುತ್ತದೆ, ಇದನ್ನು ಹೆಚ್ಚು ಜನ ಮಾತಾಡುತ್ತಿಲ್ಲ. ಮೂರೂವರೆ ಮೀಟರ್ ಸುರಂಗದಲ್ಲಿ ದಿನಕ್ಕೆ 50 ಕೋಟಿ ಲೀಟರ್ ಹರಿದರೆ ವೇಗ ಸೆಕೆಂಡಿಗೆ ಸುಮಾರು 60 ಸೆಂಟಿಮೀಟರ್. 3.4 ಕಿಲೋಮೀಟರ್ ದಾಟಲು ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ತಳದಲ್ಲಿ ಹೂಳು ಕೂರದಿರಲು ಹೆಚ್ಚೂ ಕಡಿಮೆ ಅಷ್ಟು ವೇಗ ಬೇಕೇ ಬೇಕು. ಶುದ್ಧ ನೀರಿನಲ್ಲಿ ಹೂಳು ಕಡಿಮೆ, ನಿಜ. ಆದರೆ ಆ ನೀರು ಅಷ್ಟು ಚೆನ್ನಾಗಿದ್ದರೆ ಅದನ್ನು ಉದ್ಯಾನಕ್ಕೆ, ಕಟ್ಟಡಕ್ಕೆ, ಕಾರ್ಖಾನೆಗೆ ಕೊಡಬೇಕು, ಕೊಡಲೇಬೇಕು. ಸುಮಾರು 400 ಕೋಟಿ ಲೀಟರ್ ನೀರನ್ನು ದಿನವೂ ಬಹುಪಾಲು ನೂರು ಕಿಲೋಮೀಟರ್ ಆಸುಪಾಸಿನ ದೂರದ ಕೆರೆಗಳಿಂದ ತರುವ ನಗರ ಅದನ್ನು ಒಂದೇ ಸಲ ಬಳಸಿ ಸಮುದ್ರಕ್ಕೆ ಸುರಿಯುವುದು ಸರಿಯಲ್ಲ. ಅರ್ಧ ನೀರು ಮರುಬಳಕೆಗೆ ಹೋದರೆ ಸುರಂಗದ ವೇಗವೂ ಅರ್ಧ ಆಗುತ್ತದೆ. ಆಗ ಸಮುದ್ರದ ಭಾರದ ನೀರು ಕೆಲವು ರೈಸರ್‌ಗಳ ಬಾಯಿಂದ ಒಳಗೆ ಇಳಿಯುತ್ತದೆ, ಜೊತೆಗೆ ಕೆಸರು, ಚಿಪ್ಪಿನ ಜೀವಿಗಳು. ಉಪ್ಪುನೀರು ತುಂಬಿದ 60 ಮೀಟರ್ ರೈಸರನ್ನು ಮತ್ತೆ ಹೊರಕ್ಕೆ ತಳ್ಳಲು ದಡದ ಕಡೆ ಒಂದೂವರೆ ಮೀಟರ್ ಹೆಚ್ಚಿನ ನೀರಿನ ಎತ್ತರ ಬೇಕು. ಅದು ಸಿಗದಿದ್ದರೆ ಆ ರೈಸರ್ ಅಲ್ಲಿಗೇ ಮುಚ್ಚಿದ ಹಾಗೆ. ಹೊಸ ಔಟ್‌ಫಾಲ್‌ಗಳಲ್ಲಿ ಇದಕ್ಕಾಗಿ ಬಾತುಕೋಳಿ ಕೊಕ್ಕಿನ ಆಕಾರದ ರಬ್ಬರ್ ಕವಾಟ ಹಾಕುತ್ತಾರೆ. ನೀರು ಹೊರಗೆ ಹೋಗುವಾಗ ತೆರೆದುಕೊಂಡು, ನಿಂತಾಗ ಮುಚ್ಚಿಕೊಳ್ಳುತ್ತದೆ. ಹಳೆಯ ರೈಸರ್‌ಗಳ ಕೆಲವು ಬಾಯಿ ಮುಚ್ಚಿ ಉಳಿದವಕ್ಕೆ ಇಂಥ ಕವಾಟ ಹಾಕುವುದು ಮುಳುಗುಗಾರರಿಂದ ಆಗುವ ಕೆಲಸ. ರೈಸರ್ ಎಷ್ಟು ಅಗಲ ಬೇಕು ಅನ್ನುವುದಕ್ಕೆ ಇವತ್ತಿನ ಕೊಳಚೆಯ ಲೆಕ್ಕ ಮಾತ್ರ ಸಾಲದು, ನಾಳೆ ಎಷ್ಟು ಮರುಬಳಕೆ ಅನ್ನುವ ಲೆಕ್ಕವೂ ಬೇಕು ಅಂತ ನಾನು ಹೇಳುವುದು ಇದಕ್ಕೇ.

ಈ ಲೆಕ್ಕಗಳನ್ನು ಮಾಡಬಲ್ಲವರು ನಮ್ಮ ಸುತ್ತಲೇ ಇದ್ದಾರೆ. ಪುಣೆಯ ಖಡಕ್ವಾಸ್ಲಾದಲ್ಲಿ 1916ರಿಂದ ಇರುವ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಅಲೆ, ಪ್ರವಾಹಗಳ ಮಾದರಿ ಕಟ್ಟುತ್ತದೆ. ಗೋವಾದ ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಗೆ ಮುಂಬಯಿಯಲ್ಲೇ ಶಾಖೆ ಇದೆ. ಖಡಕ್ವಾಸ್ಲಾ ಅಂದಾಗ ವಿಶ್ವೇಶ್ವರಯ್ಯನವರ ನೆನಪು ಬಾರದಿರದು. ಅಲ್ಲಿನ ಅಣೆಕಟ್ಟಿಗೆ ಅವರು ಮಾಡಿದ ಸ್ವಯಂಚಾಲಿತ ಬಾಗಿಲುಗಳ ಕಥೆ ಎಲ್ಲರಿಗೂ ಗೊತ್ತು. ಅವರು ಮುಂಬಯಿ ಪ್ರಾಂತ್ಯದ ನೈರ್ಮಲ್ಯ ಎಂಜಿನಿಯರ್ ಆಗಿದ್ದರು, 1906ರಲ್ಲಿ ಏಡನ್ ನಗರದ ನೀರು ಮತ್ತು ಚರಂಡಿಯ ಯೋಜನೆಗೆ ಸಲಹೆ ಕೊಟ್ಟರು ಅನ್ನುವುದು ಅಷ್ಟು ಪ್ರಚಾರದಲ್ಲಿಲ್ಲ. ಮಾಹಿಮಿನ ಕರ್ನಾಟಕ ಸಂಘದಲ್ಲಿ ಅವರ ಹೆಸರಿನ ಸಭಾಂಗಣ ಇದೆ. ಆ ವೇದಿಕೆಯಲ್ಲಿ ಒಂದು ಸಂಜೆ ಮಾಹಿಮ್ ಕೊಲ್ಲಿಯ ಕೊಳಚೆಯ ಬಗ್ಗೆ ಎಂಜಿನಿಯರುಗಳನ್ನೂ ಇಲ್ಲಿನ ಕೋಳಿ ಎಂಬ ಸಮುದಾಯದ ಮೀನುಗಾರರನ್ನೂ ಕೂರಿಸಿ ಮಾತಾಡಿಸಬಹುದು.

ಮೀನುಗಾರರ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಸಮುದ್ರದ ಕೆಲಸಕ್ಕೆ ಇಲ್ಲಿ ಸಿಗುವುದು ಅಕ್ಟೋಬರ್‌ನಿಂದ ಮೇ ತನಕ. ಜೂನ್, ಜುಲೈನಲ್ಲಿ ಮೀನುಗಾರಿಕೆಗೇ ನಿಷೇಧ, ಜಾಕ್-ಅಪ್ ಬಾರ್ಜೂ ಬಂದರಿಗೆ ಹೋಗಬೇಕು. ಮಳೆಗಾಲಕ್ಕೆ ಮುಂಚೆ ಮುಗಿಸುವ ಆತುರ ಎಷ್ಟು ಅಪಾಯ ಅನ್ನುವುದನ್ನು 2021ರ ಮೇ ತಿಂಗಳು ತೋರಿಸಿದೆ. ತೌಕ್ತೇ ಚಂಡಮಾರುತದಲ್ಲಿ ಸಮುದ್ರದ ತೈಲ ಕ್ಷೇತ್ರ ಬಾಂಬೆ ಹೈ ಬಳಿ ಪಿ-305 ಬಾರ್ಜ್ ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಅಂದರೆ ಬಾರ್ಜ್ ನಿಲ್ಲುವ ತಿಂಗಳು, ಮೀನುಗಾರರು ಬಲೆ ಹಾಕುವ ತಿಂಗಳು ಎರಡೂ ಒಂದೇ. ಬೊಂಬಿಲ್ ಮೀನಿಗಾಗಿ ಡೋಲ್ ಅನ್ನುವ ಬಲೆ ಕಟ್ಟುವ ಜಾಗದಲ್ಲಿ ಬಾರ್ಜಿನ ಸುತ್ತ ದೋಣಿ ಬರದಂತೆ ಗಡಿ ಹಾಕಿದರೆ ಒಂದು ಋತುವಿನ ದುಡಿಮೆ ಹೋಯಿತು. ರಾಡಿ ಹರಡಿದರೆ ಅದರಾಚೆಗೂ ತೊಂದರೆ. ಕೋಸ್ಟಲ್ ರೋಡ್ ಕಟ್ಟುವಾಗ ವರ್ಲಿ ಕೋಳಿವಾಡದವರು ಸೇತುವೆಯ ಕಂಬಗಳ ನಡುವಿನ ಅಂತರ 60 ಮೀಟರ್ ಸಾಲದು, ದೋಣಿ ಹೋಗಲು ಆಗುವುದಿಲ್ಲ ಅಂತ ಹಟ ಹಿಡಿದು ಕೂತರು. ಕೊನೆಗೆ ಪಾಲಿಕೆ 120 ಮೀಟರಿಗೆ ಒಪ್ಪಿತು. ಕೆಲಸ ಶುರುವಾಗಿ ಎಷ್ಟೋ ಕಾಲದ ಮೇಲೆ. ಅದೇ ಮಾತನ್ನು ನಕ್ಷೆ ಬರೆಯುವ ಮುಂಚೆ ಕೇಳಿಸಿಕೊಂಡಿದ್ದರೆ ಸಮಯವೂ ಹಣವೂ ಉಳಿಯುತ್ತಿತ್ತು. ಕಂಬವನ್ನಾದರೂ ನಕ್ಷೆ ಬದಲಿಸಿ ಸರಿಸಿದರು, ಗ್ರೌಟ್ ತುಂಬಿದ ಶಾಫ್ಟನ್ನು ಸರಿಸಲು ಯಾರಿಂದಲೂ ಆಗದು. ಕಡಲಿನ ಸೆಳೆತ ಯಾವ ತಿಂಗಳು ಯಾವ ಕಡೆ ಅನ್ನುವುದು ಕೋಳಿಯವರಿಗೂ ಇಲ್ಲಿನ ದೋಣಿಗಳಲ್ಲಿ ದುಡಿದ ನಮ್ಮ ಮೊಗವೀರರಿಗೂ ಅನುಭವದಿಂದ ಗೊತ್ತು. ಮಾದರಿಯ ಲೆಕ್ಕವನ್ನು ಆ ಅನುಭವದ ಜೊತೆ ಇಟ್ಟು ನೋಡುವುದರಿಂದ ಎಂಜಿನಿಯರುಗಳಿಗೆ ಲಾಭವೇ.

ಕಡಲಲ್ಲಿ ಹೀಗೆ ಕೊರೆಯುವ ಮುಂದಿನ ಸಂದರ್ಭ ದೂರದಲ್ಲಿಲ್ಲ. ಮಲಾಡಿನ ಆಚೆ ಮನೋರಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕದ ಯೋಜನೆ ಪಾಲಿಕೆಯ ಕೈಯಲ್ಲಿದೆ. ಮೊದಲು ದಿನಕ್ಕೆ 20 ಕೋಟಿ ಲೀಟರ್, ಮುಂದೆ 40 ಕೋಟಿ. ಅಲ್ಲಿ ಸಮುದ್ರಕ್ಕೆ ಮರಳುವುದು ಸಿಹಿನೀರಲ್ಲ, ದಪ್ಪ ಉಪ್ಪುನೀರು. ಇದು ಸಮುದ್ರದ ನೀರಿಗಿಂತ ಭಾರ, ಮೇಲೆ ಏಳುವುದಿಲ್ಲ, ತಳದಲ್ಲೇ ಹರಡಿಕೊಂಡು ಅಲ್ಲಿನ ಏಡಿ, ಸಿಗಡಿ, ಮೊಟ್ಟೆಗಳನ್ನು ಮುಚ್ಚುತ್ತದೆ. ಆದ್ದರಿಂದ ಬಾಯಿಗಳನ್ನು ಓರೆಯಾಗಿ ಮೇಲ್ಮುಖ ಮಾಡಿ ರಭಸದಿಂದ ಚಿಮ್ಮಿಸಿ ಬೆರೆಸಬೇಕು. ಆಳ ಕಡಿಮೆ ಇರುವ ಮನೋರಿಯಲ್ಲಿ ಇಳಿತದ ಹೊತ್ತಿಗೆ ಅದು ಎಷ್ಟು ಬೆರೆಯುತ್ತದೆ ಅನ್ನುವುದೇ ಮುಖ್ಯ ಪ್ರಶ್ನೆ. ಕೊರೆಯುವ ಜಾಗ, ಬಂಡೆಯ ಪರೀಕ್ಷೆ, ಪ್ರವಾಹದ ಅಳತೆ, ಮೀನುಗಾರರ ಬಲೆಯ ಜಾಗಗಳ ನಕ್ಷೆ, ಮುಳುಗುಗಾರರ ಸುರಕ್ಷೆಯ ಯೋಜನೆ, ಇವಿಷ್ಟನ್ನೂ ಟೆಂಡರಿಗೆ ಮುಂಚೆ ಮರಾಠಿಯಲ್ಲಿ, ಓದಿದರೆ ಅರ್ಥವಾಗುವ ಭಾಷೆಯಲ್ಲಿ ಹೊರಗಿಡುವಂತೆ ವಾರ್ಡಿನ ಸಭೆಯಲ್ಲಿ ಕೇಳಬಹುದು. ವರ್ಲಿ, ಬಾಂದ್ರಾ ರೈಸರ್‌ಗಳ ಸುತ್ತಲಿನ ನೀರಿನ ಪರೀಕ್ಷೆಯ ಅಂಕಿಗಳನ್ನೂ ತಿಂಗಳಿಗೊಮ್ಮೆ ಪ್ರಕಟಿಸಲು ಕೇಳಬೇಕು. ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದ ಆ ರೈಸರ್‌ಗಳ ಅನುಭವ ಮುಂದಿನ ಶಾಫ್ಟ್ ಕೊರೆಯುವವರಿಗೆ ಬೇರೆಲ್ಲೂ ಸಿಗುವುದಿಲ್ಲ.